ಪರದೆಯ ಹಿಂದಿನ ದುಭಾಷಿ

ಕಂಪ್ಯೂಟರಿನ ಪರದೆಯ ಮೇಲೆ ಚಿತ್ರ ಮೂಡಿಸುವುದು ಗ್ರಾಫಿಕ್ಸ್ ಕಾರ್ಡಿನ ಕೆಲಸ. ಆದರೆ ಕಾರ್ಯಾಚರಣ ವ್ಯವಸ್ಥೆಯ ಮಾತು ಅದಕ್ಕೆ ನೇರವಾಗಿ ತಿಳಿಯದು. ನಡುವೆ ದುಭಾಷಿ ಬೇಕು. ಡ್ರೈವರ್ ಎಂಬ ತಂತ್ರಾಂಶವೇ ಆ ದುಭಾಷಿ.

1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್‌ನ ಮೂಲ ಬರಹ, ಅಂದರೆ ಸೋರ್ಸ್ ಕೋಡ್, ಎಲ್ಲರಿಗೂ ಬಯಲು. ಯಾರಾದರೂ ಓದಬಹುದು, ತಿದ್ದಬಹುದು. ಎನ್‌ವಿಡಿಯ ಕಂಪನಿಯಾದರೋ ಲಿನಕ್ಸ್‌ಗೆ ಡ್ರೈವರ್ ಕೊಟ್ಟರೂ ಅದರ ಮುಖ್ಯ ಭಾಗದ ಮೂಲ ಬರಹವನ್ನು ಬಹುಕಾಲ ಗುಟ್ಟಾಗಿಟ್ಟಿತು. ತೊಡಕು ಹುಟ್ಟಿದ್ದು ಇಲ್ಲೇ. ಲಿನಕ್ಸ್‌ನ ತಿರುಳಾದ ಕರ್ನಲ್ ಬದಲಾದಾಗಲೆಲ್ಲ ಹೊರಗಿನಿಂದ ಬಂದ ಡ್ರೈವರನ್ನು ಅದಕ್ಕೆ ಮತ್ತೆ ಹೊಂದಿಸಬೇಕು. ಇಲ್ಲದಿದ್ದರೆ ಪರದೆ ಕಪ್ಪಾಗಿಯೇ ಉಳಿಯಬಹುದು.

ಸ್ವಯಂಸೇವಕರು ಸುಮ್ಮನೆ ಕೂಡಲಿಲ್ಲ. ಕಾರ್ಡಿಗೆ ಹೋಗುವ ಆಜ್ಞೆಗಳನ್ನು ಗಮನಿಸಿ, ಅರ್ಥ ಬಿಡಿಸಿ, 'ನೂವೋ' ಎಂಬ ಡ್ರೈವರ್ ಬರೆದರು. ಲಿಪಿ ತಿಳಿಯದ ಶಾಸನವನ್ನು ಓದುವಂಥ ಕೆಲಸವದು. 2010ರಲ್ಲಿ ಅದು ಕರ್ನಲ್ ಸೇರಿತು. ಕಂಪನಿಯ ಡ್ರೈವರ್ ಬೇಕೆನ್ನುವವರು ಮೊದಲು ನೂವೋವನ್ನು ಬದಿಗಿಡಬೇಕು. ಒಂದೇ ಕಾರ್ಡಿಗೆ ಇಬ್ಬರು ದುಭಾಷಿಗಳು ಸಲ್ಲರು.

ಗುಟ್ಟು ಅನಿವಾರ್ಯವೇನೂ ಆಗಿರಲಿಲ್ಲ. ಪ್ರತಿಸ್ಪರ್ಧಿ ಎಎಂಡಿ 2007ರಲ್ಲೇ ತನ್ನ ಕಾರ್ಡುಗಳ ವಿವರ ಪ್ರಕಟಿಸತೊಡಗಿತು. ಅವುಗಳ ಡ್ರೈವರ್ ಈಗ ಕರ್ನಲ್ ಜತೆಗೇ ಬರುತ್ತದೆ. 2012ರಲ್ಲಿ ಟೊರ್ವಾಲ್ಡ್ಸ್ ಫಿನ್‌ಲೆಂಡಿನ ಸಭೆಯೊಂದರಲ್ಲಿ ಎನ್‌ವಿಡಿಯವನ್ನು ಬಹಿರಂಗವಾಗಿಯೇ ಬೈದರು. ಕರ್ನಲ್ ಒಳಗೆ ಕೂಡುವ ಭಾಗದ ಮೂಲ ಬರಹವನ್ನು ಕಂಪನಿ 2022ರಲ್ಲಿ ಬಿಡುಗಡೆ ಮಾಡಿತು. ಆಟಗಳಂಥ ತಂತ್ರಾಂಶಗಳ ಜತೆ ವ್ಯವಹರಿಸುವ ಭಾಗಕ್ಕೆ ಆಗಲೂ ಬೀಗ ತೆಗೆಯಲಿಲ್ಲ. ಹಣ ಕೊಟ್ಟು ಕೊಂಡ ಯಂತ್ರದ ಭಾಷೆ ಕೊಂಡವನಿಗೆ ಸೇರಿದ್ದೋ, ಮಾಡಿದವನಿಗೋ?