ಕೋವಿಡ್ ಲಸಿಕೆ ಮತ್ತು ಅರ್ಹತೆಯ ಪ್ರಶ್ನೆ: 2021ರ ಭಾರತೀಯ ಅನುಭವದ ವಿವೇಚನೆ

ಲಸಿಕೆಯು ಎಲ್ಲರಿಗೂ ಸಾಲುವಷ್ಟು ದೊರೆಯುವ ಕಾಲದಲ್ಲಿ ‘ಅರ್ಹತೆ’ ಎಂಬುದು ಬಹುಮಟ್ಟಿಗೆ ವೈದ್ಯಕೀಯ ಪದ. ಯಾವ ವಯಸ್ಸಿನ ಮಗುವಿಗೆ ಯಾವ ಚುಚ್ಚುಮದ್ದು ಎಂಬ ವೇಳಾಪಟ್ಟಿಯಲ್ಲಿ ಅದರ ಅರ್ಥ ಮುಗಿಯುತ್ತದೆ. ಲಸಿಕೆ ವಿರಳವಾಗಿದ್ದು ರೋಗವು ವ್ಯಾಪಕವಾಗಿರುವಾಗ ಅದೇ ಪದವು ಸಾಮಾಜಿಕ ನ್ಯಾಯದ ಪದವಾಗಿ ಮಾರ್ಪಡುತ್ತದೆ. ಯಾರಿಗೆ ಮೊದಲು ಎಂದು ಹೇಳಿದೊಡನೆ ಯಾರು ಕಾಯಬೇಕೆಂಬುದನ್ನೂ ಹೇಳಿದಂತಾಗುತ್ತದೆ. ಸಾಂಕ್ರಾಮಿಕದ ಉಬ್ಬರದಲ್ಲಿ ಕೆಲವು ವಾರಗಳ ಕಾಯುವಿಕೆಯು ಜೀವನ್ಮರಣದ ಅಂತರವಾಗಬಲ್ಲದು.

ಭಾರತದಲ್ಲಿ 2021ರಲ್ಲಿ ನಡೆದ ಕೋವಿಡ್ ಲಸಿಕಾ ಕಾರ್ಯಕ್ರಮವನ್ನು ಈ ದೃಷ್ಟಿಯಿಂದ ಪರಿಶೀಲಿಸಿದರೆ ಅರ್ಹತೆಗೆ ಮೂರು ಸ್ತರಗಳಿದ್ದುದು ಕಂಡುಬರುತ್ತದೆ. ಸರ್ಕಾರದ ಆದೇಶದಲ್ಲಿ ಘೋಷಿತವಾದ ಅರ್ಹತೆ ಮೊದಲನೆಯದು. ಆ ಅರ್ಹತೆಯನ್ನು ದಾಖಲೆಯಿಂದ ಸಿದ್ಧಪಡಿಸುವ ಸಾಮರ್ಥ್ಯ ಎರಡನೆಯದು. ಲಸಿಕಾ ಕೇಂದ್ರದವರೆಗೆ ತಲುಪುವ ಸಾಮರ್ಥ್ಯ ಮೂರನೆಯದು. ಮೊದಲನೆಯದು ಎಷ್ಟೇ ವಿಸ್ತಾರವಾದರೂ ಉಳಿದೆರಡು ಕಿರಿದಾಗಿದ್ದಲ್ಲಿ ಫಲ ಕಿರಿದಾಗಿಯೇ ಉಳಿಯುತ್ತದೆ.

1. ಆದ್ಯತೆಯ ಅನುಕ್ರಮ

ಆಗಸ್ಟ್ 2020ರಲ್ಲಿ ನೀತಿ ಆಯೋಗದ ಸದಸ್ಯ ಡಾ. ವಿ. ಕೆ. ಪಾಲ್ ಅವರ ಅಧ್ಯಕ್ಷತೆಯಲ್ಲಿ ಲಸಿಕಾ ಆಡಳಿತದ ರಾಷ್ಟ್ರೀಯ ತಜ್ಞರ ಸಮಿತಿಯು ರಚಿತವಾಯಿತು. ಸುಮಾರು 1 ಕೋಟಿ ಆರೋಗ್ಯ ಕಾರ್ಯಕರ್ತರು, 2 ಕೋಟಿ ಮುಂಚೂಣಿ ಕಾರ್ಯಕರ್ತರು, ಹಿರಿಯರೂ ಸಹವ್ಯಾಧಿಗಳುಳ್ಳವರೂ ಸೇರಿ 27 ಕೋಟಿ, ಒಟ್ಟು 30 ಕೋಟಿ ಜನರನ್ನು ಮೊದಲ ಆದ್ಯತೆಯವರೆಂದು ಅಂದಾಜಿಸಲಾಯಿತು. 2021ರ ಜನವರಿ 3ರಂದು ಕೋವಿಶೀಲ್ಡ್ ಮತ್ತು ಕೋವ್ಯಾಕ್ಸಿನ್ ಲಸಿಕೆಗಳಿಗೆ ತುರ್ತು ಬಳಕೆಯ ಅನುಮತಿ ದೊರೆತು, ಜನವರಿ 16ರಂದು ಆರೋಗ್ಯ ಕಾರ್ಯಕರ್ತರಿಂದ ಅಭಿಯಾನ ಆರಂಭವಾಯಿತು. ಫೆಬ್ರವರಿ ಆರಂಭದಲ್ಲಿ ಪೊಲೀಸ್, ಪೌರಕಾರ್ಮಿಕ ಮೊದಲಾದ ಮುಂಚೂಣಿ ವರ್ಗಗಳು ಸೇರಿದವು. ಮಾರ್ಚ್ 1ರಿಂದ 60 ವರ್ಷ ಮೀರಿದವರೂ ಸಹವ್ಯಾಧಿಯುಳ್ಳ 45ರಿಂದ 59 ವರ್ಷದವರೂ, ಏಪ್ರಿಲ್ 1ರಿಂದ 45 ಮೀರಿದ ಎಲ್ಲರೂ, ಮೇ 1ರಿಂದ 18 ವರ್ಷ ತುಂಬಿದ ಎಲ್ಲರೂ ಅರ್ಹರಾದರು.

ಈ ಅನುಕ್ರಮದಲ್ಲಿ ಎರಡು ತತ್ತ್ವಗಳು ಬೆರೆತಿವೆ. ರೋಗಕ್ಕೆ ಎದುರಾಗುವ ವೃತ್ತಿಯವರನ್ನು ಕಾಯುವುದು ಒಂದು. ರೋಗ ತಗಲಿದರೆ ಸಾವಿನ ಸಂಭವ ಹೆಚ್ಚಿರುವವರನ್ನು ಕಾಯುವುದು ಇನ್ನೊಂದು. 2020ರ ಡಿಸೆಂಬರ್ 8ರಂದು ಲಸಿಕೆ ಆರಂಭಿಸಿದ ಬ್ರಿಟನ್ ವೃದ್ಧರ ಆರೈಕೆ ಗೃಹಗಳ ನಿವಾಸಿಗಳನ್ನೂ ಅಲ್ಲಿನ ಸಿಬ್ಬಂದಿಯನ್ನೂ ಪಟ್ಟಿಯ ಮೊದಲಲ್ಲಿಟ್ಟು, ಬಳಿಕ ಮುಖ್ಯವಾಗಿ ವಯಸ್ಸಿನ ಇಳಿಕೆಯ ಕ್ರಮವನ್ನು ಅನುಸರಿಸಿತು. ಭಾರತವು ವೃತ್ತಿಯನ್ನು ಮೊದಲಿಟ್ಟು ವಯಸ್ಸನ್ನು ಅನಂತರ ತಂದಿತು. ಆಸ್ಪತ್ರೆಗಳು ಕುಸಿಯದೆ ನಿಲ್ಲಬೇಕೆಂಬ ಕಾಳಜಿ ಈ ಆಯ್ಕೆಯ ಹಿಂದಿತ್ತು.

2. ದಾಖಲೆ ಎಂಬ ಹೊಸ್ತಿಲು

ಮಾರ್ಚ್ ತಿಂಗಳ ಹಂತದಲ್ಲಿ 20 ಸಹವ್ಯಾಧಿಗಳ ಪಟ್ಟಿಯೊಂದು ಪ್ರಕಟವಾಯಿತು. ಕಳೆದೊಂದು ವರ್ಷದಲ್ಲಿ ಆಸ್ಪತ್ರೆಗೆ ಸೇರಬೇಕಾಗಿ ಬಂದ ಹೃದಯ ವೈಫಲ್ಯ, ಹತ್ತು ವರ್ಷ ಮೀರಿದ ಅಥವಾ ತೊಡಕುಗಳುಳ್ಳ ಮಧುಮೇಹದೊಡನೆ ಚಿಕಿತ್ಸೆಯಲ್ಲಿರುವ ರಕ್ತದೊತ್ತಡ, ಕುಡಗೋಲು ಕಣ ಕಾಯಿಲೆ ಮೊದಲಾದವು ಅದರಲ್ಲಿದ್ದವು. ನೋಂದಾಯಿತ ವೈದ್ಯರ ಪ್ರಮಾಣಪತ್ರವೂ ಅಗತ್ಯವಾಗಿತ್ತು. ವೈದ್ಯಶಾಸ್ತ್ರದ ದೃಷ್ಟಿಯಿಂದ ಪಟ್ಟಿ ಖಚಿತವಾದುದೇ. ಆದರೆ ಪ್ರಮಾಣಪತ್ರವು ರೋಗನಿರ್ಣಯವನ್ನು ಪೂರ್ವಭಾವಿಯಾಗಿ ಬೇಡುತ್ತದೆ. ಸಕ್ಕರೆ ಕಾಯಿಲೆಯಿದ್ದೂ ಒಮ್ಮೆಯೂ ರಕ್ತ ಪರೀಕ್ಷೆ ಮಾಡಿಸದ ಕೃಷಿ ಕೂಲಿಕಾರನು ಅಪಾಯದ ಗುಂಪಿನಲ್ಲಿದ್ದರೂ ಅರ್ಹತೆಯ ಗುಂಪಿನಲ್ಲಿರಲಿಲ್ಲ. ವೈದ್ಯಕೀಯ ಸೇವೆಯಿಂದ ಮೊದಲೇ ದೂರವಿದ್ದವನಿಗೆ ಲಸಿಕೆಯೂ ದೂರವಾಯಿತು. ಒಂದೇ ತಿಂಗಳಲ್ಲಿ 45 ಮೀರಿದ ಎಲ್ಲರಿಗೂ ಅರ್ಹತೆ ವಿಸ್ತರಿಸಿದಾಗ ಈ ತೊಡಕು ಆ ವಯೋಮಾನದವರ ಮಟ್ಟಿಗೆ ನಿವಾರಣೆಯಾಯಿತು. ವಯಸ್ಸನ್ನು ಸಿದ್ಧಪಡಿಸುವುದು ಕಾಯಿಲೆಯನ್ನು ಸಿದ್ಧಪಡಿಸುವುದಕ್ಕಿಂತ ಸುಲಭವೆಂಬುದು ಇಲ್ಲಿ ಗಮನಾರ್ಹ.

ಗುರುತಿನ ಚೀಟಿಯ ವಿಷಯವೂ ಇಂಥದೇ. ಕೋ-ವಿನ್ ನೋಂದಣಿಗೆ ಭಾವಚಿತ್ರವಿರುವ ಗುರುತಿನ ಚೀಟಿ ಬೇಕಿತ್ತು. ಅಲೆಮಾರಿಗಳು, ಸೆರೆಮನೆವಾಸಿಗಳು, ಮಾನಸಿಕ ಆರೋಗ್ಯ ಸಂಸ್ಥೆಗಳ ಹಾಗೂ ವೃದ್ಧಾಶ್ರಮಗಳ ನಿವಾಸಿಗಳು, ಭಿಕ್ಷುಕರು ಮೊದಲಾದ ಚೀಟಿಯಿಲ್ಲದವರಿಗೆ ಲಸಿಕೆ ನೀಡುವ ಕಾರ್ಯವಿಧಾನವನ್ನು ಕೇಂದ್ರ ಆರೋಗ್ಯ ಇಲಾಖೆ ಹೊರಡಿಸಿದ್ದು 2021ರ ಮೇ 6ರಂದು, ಅಭಿಯಾನ ಆರಂಭವಾಗಿ ಮೂರು ತಿಂಗಳು ಮೀರಿದ ಮೇಲೆ.

3. ಘೋಷಣೆ ಮತ್ತು ಪೂರೈಕೆ

ಅರ್ಹರ ಸಂಖ್ಯೆಯು ಲಸಿಕೆಯ ಪ್ರಮಾಣವನ್ನು ಮೀರಿದಾಗ ಅರ್ಹತೆಯು ಬರಿಯ ಭರವಸೆಯಾಗುತ್ತದೆ. ಮೇ 2021ರ ಕರ್ನಾಟಕ ಇದಕ್ಕೆ ನಿದರ್ಶನ. ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50,112 ಹೊಸ ಪ್ರಕರಣಗಳು ವರದಿಯಾದವು. ಸರ್ಕಾರಿ ಕೇಂದ್ರಗಳಲ್ಲಿ ಮೇ 10ರಂದು 18ರಿಂದ 44 ವರ್ಷದವರಿಗೆ ಆರಂಭವಾದ ಲಸಿಕೆಯನ್ನು ಮೇ 14ರಿಂದ ತಡೆಹಿಡಿದು, ಎರಡನೆಯ ಡೋಸ್‌ಗಾಗಿ ಕಾಯುತ್ತಿದ್ದ 45 ಮೀರಿದವರಿಗೆ ಆದ್ಯತೆ ನೀಡಬೇಕಾಯಿತು. ಆದೇಶದ ಪ್ರಕಾರ ಅರ್ಹರಾಗಿದ್ದ ಯುವಜನರು ವಾಸ್ತವದಲ್ಲಿ ಮತ್ತೆ ಕಾಯುವವರಾದರು.

ಇದೇ ಅವಧಿಯಲ್ಲಿ ಬೆಲೆಯೂ ಅರ್ಹತೆಯ ಅಂಗವಾಯಿತು. ಮೇ 1ರ ನೀತಿಯಂತೆ ಉತ್ಪಾದನೆಯ ಅರ್ಧವನ್ನು ಕೇಂದ್ರವೂ ಉಳಿದರ್ಧವನ್ನು ರಾಜ್ಯಗಳು ಹಾಗೂ ಖಾಸಗಿ ಆಸ್ಪತ್ರೆಗಳೂ ಕೊಳ್ಳಬೇಕಿತ್ತು. ಕೋವಿಶೀಲ್ಡ್‌ನ ಒಂದು ಡೋಸ್ ಕೇಂದ್ರಕ್ಕೆ 150 ರೂಪಾಯಿ, ರಾಜ್ಯಗಳಿಗೆ 300 ರೂಪಾಯಿ, ಖಾಸಗಿ ಆಸ್ಪತ್ರೆಗಳಿಗೆ 600 ರೂಪಾಯಿ ಎಂದಾಯಿತು. 45 ಮೀರಿದವರಿಗೆ ಕೇಂದ್ರದಿಂದ ಉಚಿತವಾದುದು 18ರಿಂದ 44ರ ವಯೋಮಾನದವರಿಗೆ ರಾಜ್ಯದ ಬೊಕ್ಕಸವನ್ನೋ ಸ್ವಂತ ಜೇಬನ್ನೋ ಅವಲಂಬಿಸಿತು. ಸ್ವಯಂಪ್ರೇರಿತವಾಗಿ ವಿಚಾರಣೆ ಕೈಗೊಂಡಿದ್ದ ಸರ್ವೋಚ್ಚ ನ್ಯಾಯಾಲಯವು ಮೇ 31ರ ಆದೇಶದಲ್ಲಿ ಈ ನೀತಿಯನ್ನು ಮೇಲ್ನೋಟಕ್ಕೆ ಸ್ವೇಚ್ಛೆಯದೆಂದೂ ಅವೈಚಾರಿಕವೆಂದೂ ಗುರುತಿಸಿತು. ಅಂತರಜಾಲದ ಮೂಲಕವೇ ನೋಂದಣಿಯಾಗಬೇಕೆಂಬ ನಿಯಮವು ಡಿಜಿಟಲ್ ಕಂದಕದ ಆಚೆಗಿರುವವರನ್ನು ಹೊರಗಿಡುವ ಅಪಾಯವನ್ನೂ ಅದು ಎತ್ತಿ ತೋರಿತು. ಜೂನ್ 7ರಂದು ನೀತಿ ಬದಲಾವಣೆ ಪ್ರಕಟವಾಗಿ, ಜೂನ್ 21ರಿಂದ ಉತ್ಪಾದನೆಯ ಶೇಕಡಾ 75ರಷ್ಟನ್ನು ಕೇಂದ್ರವೇ ಕೊಂಡು ರಾಜ್ಯಗಳಿಗೆ ಉಚಿತವಾಗಿ ಹಂಚತೊಡಗಿತು.

4. ಅಂತರವೂ ಒಂದು ಅರ್ಹತೆ

ಎರಡು ಡೋಸ್‌ಗಳ ನಡುವಿನ ಅವಧಿಯು ಸಾಮಾನ್ಯವಾಗಿ ತಾಂತ್ರಿಕ ವಿವರವೆನಿಸುತ್ತದೆ. ಕೋವಿಶೀಲ್ಡ್‌ನ ವಿಷಯದಲ್ಲಿ ಅದು 4–6 ವಾರಗಳಿಂದ ಮಾರ್ಚ್ 2021ರಲ್ಲಿ 6–8 ವಾರಗಳಿಗೂ, ಮೇ 13ರಂದು 12–16 ವಾರಗಳಿಗೂ ಏರಿತು. ಅಂತರ ಹೆಚ್ಚಿದಷ್ಟೂ ಲಭ್ಯ ಲಸಿಕೆಯು ಹೆಚ್ಚು ಜನರಿಗೆ ಮೊದಲ ಡೋಸ್ ಆಗಿ ಒದಗುತ್ತದೆ. ಪೂರ್ಣ ರಕ್ಷಣೆ ಮಾತ್ರ ಪ್ರತಿಯೊಬ್ಬರಿಗೂ ತಡವಾಗುತ್ತದೆ. ಸೋಂಕಿನಿಂದ ಚೇತರಿಸಿಕೊಂಡವರು ಮೂರು ತಿಂಗಳು ಕಾಯಬೇಕೆಂಬ ಸೂಚನೆ ಮೇ 19ರಂದು ಬಂದಿತು. ಹಾಲುಣಿಸುವ ತಾಯಂದಿರಿಗೆ ಅಂದೇ ಅನುಮತಿ ದೊರೆತರೆ ಗರ್ಭಿಣಿಯರಿಗೆ ದೊರೆತುದು ಜುಲೈ 2ರಂದು. ಎರಡನೆಯ ಅಲೆಯ ಉಬ್ಬರವು ಅಷ್ಟರಲ್ಲಿ ಇಳಿದಿತ್ತು.

5. ಕೇಂದ್ರದಿಂದ ಮನೆಬಾಗಿಲಿಗೆ

ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಶೈತ್ಯದಲ್ಲಿ ಇಡಬೇಕು. ಹತ್ತು ಡೋಸ್‌ಗಳ ಸೀಸೆಯನ್ನು ತೆರೆದರೆ ನಾಲ್ಕು ಗಂಟೆಯೊಳಗೆ ಬಳಸಬೇಕು. ಒಂದೆಡೆ ಹತ್ತು ಮಂದಿ ಸೇರದಿದ್ದರೆ ಉಳಿದ ಡೋಸ್‌ಗಳು ವ್ಯರ್ಥ. ಈ ಕಾರಣದಿಂದ ವ್ಯವಸ್ಥೆಯು ಸಹಜವಾಗಿಯೇ ಜನರನ್ನು ಕೇಂದ್ರಕ್ಕೆ ಕರೆಯುತ್ತದೆ. ನಡೆಯಲಾರದ ವೃದ್ಧರಿಗೂ ಅಂಗವಿಕಲರಿಗೂ ದಿನಗೂಲಿ ಬಿಡಲಾರದವರಿಗೂ ಆ ಕರೆ ಕೇಳಿಸಿದರೂ ಓಗೊಡುವುದು ಕಷ್ಟ. ಮೇ ತಿಂಗಳ ಕೊನೆಯಲ್ಲಿ ಮನೆಗೆ ಸಮೀಪದ ಕೇಂದ್ರಗಳ ಮಾರ್ಗಸೂಚಿಯೂ, ನವೆಂಬರ್ 2021ರಲ್ಲಿ ‘ಹರ್ ಘರ್ ದಸ್ತಕ್’ ಎಂಬ ಮನೆಮನೆ ಭೇಟಿಯ ಅಭಿಯಾನವೂ ಬಂದವು. ಯಾವ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾರು ಚುಚ್ಚುಮದ್ದಿಗೆ ಅಂಜುತ್ತಾರೆ ಎಂಬ ತಿಳಿವಳಿಕೆ ತಂತ್ರಾಂಶಕ್ಕಿಂತ ಹೆಚ್ಚಾಗಿ ಆಶಾ ಕಾರ್ಯಕರ್ತೆಯರಲ್ಲಿತ್ತು. ಅಕ್ಟೋಬರ್ 21ರಂದು ದೇಶವು 100 ಕೋಟಿ ಡೋಸ್‌ಗಳನ್ನು ದಾಟಿದ ಮೇಲೆ ಉಳಿದವರನ್ನು ಹುಡುಕುವ ಕೆಲಸಕ್ಕೆ ಈ ತಿಳಿವಳಿಕೆಯೇ ಆಧಾರವಾಯಿತು.

ಉಪಸಂಹಾರ

2022ರ ಜುಲೈ 17ರಂದು 200 ಕೋಟಿ ಡೋಸ್‌ಗಳನ್ನು ಪೂರೈಸಿದ ಈ ಕಾರ್ಯಕ್ರಮದ ಗಾತ್ರ ಅಸಾಮಾನ್ಯವಾದುದು. ಚೀಟಿಯಿಲ್ಲದವರಿಗೆ ದಾರಿ, ಸ್ಥಳದಲ್ಲೇ ನೋಂದಣಿ, ಉಚಿತ ಹಂಚಿಕೆ, ಮನೆಬಾಗಿಲ ಸೇವೆ ಇವೆಲ್ಲವೂ ಕಾಲಕ್ರಮದಲ್ಲಿ ಸಾಧ್ಯವಾದವು. ಆದರೆ ಬಹುತೇಕ ತಿದ್ದುಪಡಿಗಳು ಏಪ್ರಿಲ್–ಮೇ ತಿಂಗಳ ಸಾವುನೋವಿನ ನಡುವೆ ಅಥವಾ ಅನಂತರ ಬಂದವು. ಮುಂದಿನ ಸಾಂಕ್ರಾಮಿಕದ ಸಿದ್ಧತೆಯಲ್ಲಿ ಆದ್ಯತಾ ಪಟ್ಟಿ ತಯಾರಾಗುವ ಮೇಜಿನ ಮೇಲೆಯೇ ಎರಡು ಪ್ರಶ್ನೆಗಳಿಗೂ ಉತ್ತರ ಸಿದ್ಧವಾಗಬೇಕು: ಈ ಪಟ್ಟಿಯಲ್ಲಿರುವವನು ಅದನ್ನು ಯಾವ ಕಾಗದದಿಂದ ಸಿದ್ಧಪಡಿಸುತ್ತಾನೆ? ಅವನ ಮನೆಯಿಂದ ಸೀಸೆಯವರೆಗಿನ ದೂರವನ್ನು ಕ್ರಮಿಸಬೇಕಾದವರು ಯಾರು?