ಒಂದು ಇಂಚಿನ ಆಳು

ಬೆಂಕಿಪೊಟ್ಟಣ ತೆರೆದರೆ ಒಳಗೆ ಹತ್ತಿಯ ಮೇಲೆ ಕುರಿಗಾಹಿಯೊಬ್ಬ ಮಲಗಿದ್ದ. ತಲೆಗೆ ರುಮಾಲು, ಕೈಯಲ್ಲಿ ಕೋಲು, ಹೆಗಲ ಮೇಲೆ ಕರಿ ಕಂಬಳಿ. ಕಂಬಳಿಯ ಅಂಚಿಗೆ ಬಿಳಿ ಗೆರೆ. ಭೂತಗನ್ನಡಿ ಹಿಡಿದು ನೋಡಿದರೆ ಆ ಗೆರೆ ಒಂದಲ್ಲ, ಎರಡು. ನಡುವೆ ಕಪ್ಪು ಸಂದು ಬಿಟ್ಟಿದೆ. ಆಳಿನ ಉದ್ದ 24 ಮಿಲಿಮೀಟರ್.

‘ಗೆರೆ ಎಳೆದಿದ್ದು ಬ್ರಷ್‌ನಲ್ಲಲ್ಲ ಸಾರ್, ಜಾಲಿ ಮುಳ್ಳಲ್ಲಿ’ ಎಂದರು ಅದನ್ನು ಮಾಡಿದವರು. ‘ಅಷ್ಟು ಸಣ್ಣ ಬ್ರಷ್ ದುಡ್ಡು ಕೊಟ್ಟರೂ ಸಿಗಲ್ಲ. ನಮ್ ಹೊಲದ ಬದೀನಾಗೆ ಪುಕ್ಕಟೆ ಐತೆ.’

ನಾನು ನನ್ನಿವಾಳಕ್ಕೆ ಹೋದದ್ದು ಪ್ಲಾಸ್ಟಿಕ್ ವಿಮಾನ ನೋಡಲು. ಚಳ್ಳಕೆರೆ ತಾಲ್ಲೂಕಿನ ಈ ಊರು ಹೊರಗಿನವರಿಗೆ ಗೊತ್ತಿರುವುದು ಮ್ಯಾಸನಾಯಕ ಬುಡಕಟ್ಟಿನ ಕಟ್ಟೆಮನೆಯಿಂದ, ದೇವರ ಎತ್ತುಗಳಿಂದ. ಇಲ್ಲಿ ವಾಯುಪಡೆಯಲ್ಲಿ 20 ವರ್ಷ ದುಡಿದು ಬಂದ ಒಬ್ಬರು ಮನೆಯ ಹಿಂದಿನ ಕೋಣೆಯಲ್ಲಿ ಕೂತು ಯುದ್ಧವಿಮಾನಗಳನ್ನು ಅಂಗೈ ಅಗಲಕ್ಕೆ ಕಟ್ಟುತ್ತಾರೆ ಎಂದು ಸ್ನೇಹಿತರು ಹೇಳಿದ್ದರು. ‘ಹೆಸರು ಹಾಕಬೇಡಿ, ಫೋಟೊ ಬೇಕಾದ್ರೆ ಇಮಾನದ್ದು ಹಾಕಿ’ ಎಂಬ ಷರತ್ತಿನ ಮೇಲೆ ಒಳಗೆ ಬಿಟ್ಟರು. ಓಣಿಯ ಹುಡುಗರಿಗೆ ಅವರು ‘ಇಮಾನದ ತಾತ’. ನಾನೂ ತಾತ ಎಂದೇ ಬರೆಯುತ್ತೇನೆ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಸ್ಕೇಲ್ ಮಾಡೆಲ್ ಕಿಟ್ ಎಂದರೆ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಆಟದ ವಿಮಾನವಲ್ಲ. ಡಬ್ಬಿಯೊಳಗೆ ಬೂದು ಬಣ್ಣದ ಪ್ಲಾಸ್ಟಿಕ್ ಚೌಕಟ್ಟುಗಳಿರುತ್ತವೆ. ರೆಕ್ಕೆ, ಬಾಲ, ಚಕ್ರ, ಪೈಲಟ್ ಕೂರುವ ಕುರ್ಚಿ, ಸಾಸಿವೆಯಷ್ಟು ಸಣ್ಣ ದೀಪ, ಎಲ್ಲವೂ ಆ ಚೌಕಟ್ಟಿಗೆ ಅಂಟಿಕೊಂಡೇ ಅಚ್ಚಿನಿಂದ ಬಂದಿರುತ್ತವೆ. ಒಂದೊಂದನ್ನೂ ಕತ್ತರಿಸಿ, ಉಜ್ಜಿ, ಅಂಟಿಸಿ, ಸಂದು ತುಂಬಿ, ಬಣ್ಣ ಹಚ್ಚಿ ನಿಜದ ವಿಮಾನದ ಪಡಿಯಚ್ಚು ಮಾಡಬೇಕು. ಚೌಕಟ್ಟಿಗೆ ಇಂಗ್ಲಿಷಿನಲ್ಲಿ ಸ್ಪ್ರೂ ಅನ್ನುತ್ತಾರೆ. ತಾತನ ಮನೆಯವರು ಅದಕ್ಕೆ ಶೇಂಗಾ ಬಳ್ಳಿ ಎಂದು ಹೆಸರಿಟ್ಟಿದ್ದಾರೆ. ಎಣ್ಣೆ ಮಿಲ್ಲುಗಳ ಚಳ್ಳಕೆರೆ ಸೀಮೆಯಲ್ಲಿ ಬೇರೆ ಹೆಸರು ಹೊಳೆಯುವುದಾದರೂ ಹೇಗೆ? ಕಿತ್ತ ಬಳ್ಳಿಗೆ ಕಾಯಿ ಜೋತುಬಿದ್ದಂತೆಯೇ ಬಿಡಿಭಾಗಗಳು ಜೋತುಬಿದ್ದಿರುತ್ತವೆ. ‘ಬೆಳಗಾದ್ರೆ ಶೇಂಗಾ ಬಿಡಿಸಾಕೆ ಕೂತ್ಕಂತಾರೆ, ಒಂದು ಸೇರು ಎಣ್ಣೆ ಬರಲಿಲ್ಲ’ ಎಂದು ಆ ತಾಯಿ ಚಹಾ ಇಟ್ಟು ಹೋದರು.

ಇನ್ನೊಂದು ಮಾತೂ ಗಮನಕ್ಕೆ ಬಂತು. ಕಿಟ್ ಬರುವ ರಟ್ಟಿನ ಡಬ್ಬಿಯನ್ನು ತಾತ ಅಪ್ಪಿತಪ್ಪಿಯೂ ಪೆಟ್ಟಿಗೆ ಎನ್ನುವುದಿಲ್ಲ. ಮ್ಯಾಸನಾಯಕರಲ್ಲಿ ದೇವರು ಇರುವುದು ಪೆಟ್ಟಿಗೆಯಲ್ಲಿ. ಆ ಮಾತನ್ನು ಬೇರೆಯದಕ್ಕೆ ಬಳಸಲು ಅವರಿಗೆ ಮನಸ್ಸಿಲ್ಲ.

ಕಲೆಯ ಚರಿತ್ರೆಯನ್ನು ತಾತ ಐದೇ ನಿಮಿಷದಲ್ಲಿ ಮುಗಿಸಿದರು. 1936ರಲ್ಲಿ ಬ್ರಿಟನ್ನಿನ ಫ್ರಾಗ್ ಕಂಪನಿ ‘ಪೆಂಗ್ವಿನ್’ ಹೆಸರಿನಲ್ಲಿ ಪ್ಲಾಸ್ಟಿಕ್ ವಿಮಾನದ ಕಿಟ್ ಹೊರತಂದಿತು. ಹಂಗೇರಿಯಿಂದ ಬಂದ ನಿಕೊಲಸ್ ಕೋವ್ 1939ರಲ್ಲಿ ಏರ್‌ಫಿಕ್ಸ್ ಶುರು ಮಾಡಿದರು. ಆ ಕಂಪನಿ ಈ ದಾರಿಗೆ ಬಂದದ್ದು ವಿಮಾನದಿಂದಲ್ಲ, 1949ರಲ್ಲಿ ಮಾಡಿಕೊಟ್ಟ ಫರ್ಗುಸನ್ ಟ್ರ್ಯಾಕ್ಟರ್ ಮಾದರಿಯಿಂದ. ಜಪಾನಿನ ಶಿಜುವೊಕಾದಲ್ಲಿ ಮರದ ವ್ಯಾಪಾರದಿಂದ ಹುಟ್ಟಿದ ತಮಿಯಾ 1960ರಲ್ಲಿ ಯಮಾಟೊ ಯುದ್ಧನೌಕೆಯ ಪ್ಲಾಸ್ಟಿಕ್ ಕಿಟ್ ಮಾಡಿತು. ಇಷ್ಟು ಹೇಳಿ, ‘ಇದೆಲ್ಲ ಓದಿದ್ದು, ನಾನು ಕಂಡದ್ದಲ್ಲ’ ಎಂದು ಬದಿಗೆ ಸರಿಸಿದರು. ಅವರಿಗೆ ಹೇಳುವ ಉತ್ಸಾಹ ಇದ್ದದ್ದು ಅಳತೆಯ ಬಗ್ಗೆ.

‘ಆರಡಿ ಅಂದ್ರೆ ಎಷ್ಟು ಇಂಚು ಹೇಳಿ. ಎಪ್ಪತ್ತೆರಡು. ಆರಡಿ ಆಳನ್ನ ಒಂದು ಇಂಚು ಮಾಡಿದ್ರೆ ಅದೇ ಒಂದಕ್ಕೆ ಎಪ್ಪತ್ತೆರಡು ಸ್ಕೇಲು. ಆಳು ಒಂದು ಇಂಚಾದ ಮ್ಯಾಲೆ ಅವನ ಇಮಾನ, ಅವನ ಮನೆ, ಅವನ ಕುರಿ, ಎಲ್ಲಾ ಅದೇ ಲೆಕ್ಕದಾಗೆ ಇಳೀಬೇಕು. ಒಂದರಾಗೆ ಸುಳ್ಳು ಹೇಳಿದ್ರೆ ಎಲ್ಲಾ ಸುಳ್ಳಾಗ್ತೈತೆ.’

ಗಾಜಿನ ಬೀರುವಿನಲ್ಲಿ ಹದಿನೇಳು ವಿಮಾನಗಳಿದ್ದವು. ಮೇಲಿನ ಅರೆಯ ಎಡ ತುದಿಗೆ ಅವರ ಮೊದಲನೆಯ ಗ್ನಾಟ್ ನಿಂತಿತ್ತು.

ಗ್ನಾಟ್ ಎಂಬ ಪುಟ್ಟ ಯುದ್ಧವಿಮಾನವನ್ನು ನಮ್ಮ ಬೆಂಗಳೂರಿನ ಎಚ್‌ಎಎಲ್ ಬ್ರಿಟಿಷರ ಪರವಾನಗಿ ಪಡೆದು ಕಟ್ಟುತ್ತಿತ್ತು. 1965ರ ಯುದ್ಧದಲ್ಲಿ ಪಾಕಿಸ್ತಾನದ ಸೇಬರ್ ವಿಮಾನಗಳನ್ನು ಎದುರಿಸಿ ಹೆಸರು ಮಾಡಿತು. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಹೋರಾಡಿ ಮಡಿದ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಹಾರಿಸುತ್ತಿದ್ದುದು ಇದೇ ಗ್ನಾಟ್. ವಾಯುಪಡೆಗೆ ಸಂದ ಒಂದೇ ಒಂದು ಪರಮವೀರ ಚಕ್ರ ಅವರದು. ಇದನ್ನೇ ಸುಧಾರಿಸಿ ಎಚ್‌ಎಎಲ್ ಅಜೀತ್ ಮಾಡಿತು, 1991ರವರೆಗೂ ಅದು ಸೇವೆಯಲ್ಲಿತ್ತು. 1979ರಲ್ಲಿ ಹದಿನೆಂಟರ ಹರೆಯದಲ್ಲಿ ವಾಯುಪಡೆ ಸೇರಿದ ತಾತ ಅಜೀತ್‌ಗಳ ಮೈ ರಿಪೇರಿ ಮಾಡುವ ಫಿಟ್ಟರ್ ಆಗಿದ್ದರು. ತಗಡು, ರಿವೆಟ್ಟು, ಬಿರುಕು, ಇವೇ ಅವರ ದಿನಚರಿ.

1985ರಲ್ಲಿ ದೆಹಲಿಯ ಅಂಗಡಿಯೊಂದರಲ್ಲಿ ಏರ್‌ಫಿಕ್ಸ್‌ನ ಗ್ನಾಟ್ ಕಿಟ್ ಕಂಡಿತು. ತಿಂಗಳ ಸಂಬಳದಲ್ಲಿ ಊರಿಗೆ ಕಳಿಸುವ ದುಡ್ಡು ತೆಗೆದಿಟ್ಟು ಮಿಕ್ಕಿದ್ದರಲ್ಲಿ ಕೊಂಡರು. ಬ್ಯಾರಕ್ಕಿಗೆ ಬಂದು ಬಿಚ್ಚಿದರೆ ಎರಡು ಆಸನದ ತರಬೇತಿ ವಿಮಾನ! ಬ್ರಿಟನ್ನಿನ ರೆಡ್ ಆರೋಸ್ ತಂಡ ಕಸರತ್ತಿಗೆ ಬಳಸುತ್ತಿದ್ದದ್ದು ಅದು. ನಮ್ಮದು ಒಂದೇ ಆಸನದ್ದು. ‘ಹೊರಗಿನೋರ ಕಣ್ಣಿಗೆ ಎರಡೂ ಗ್ನಾಟೇ. ನನಗೆ ಮಾತ್ರ ಯಾರದೋ ಮಗೂನ ನಮ್ಮ ತೊಟ್ಟಿಲಿಗೆ ಹಾಕ್ದಂಗೆ ಆಯ್ತು.’

ಕೊಯ್ದರು. ಹ್ಯಾಕ್ಸಾ ಬ್ಲೇಡಿನ ತುಂಡು ಹಿಡಿದು ಮೈಯನ್ನು ಅಡ್ಡಕ್ಕೆ ಸೀಳಿ, ಹಿಂದಿನ ಆಸನ ತೆಗೆದು, ಬೆನ್ನನ್ನು ಬೇರೆ ಪ್ಲಾಸ್ಟಿಕ್‌ನಿಂದ ಕಟ್ಟಿದರು. ಅಷ್ಟಕ್ಕೇ ಮುಗಿಯಲಿಲ್ಲ. ತರಬೇತಿ ಗ್ನಾಟಿನ ರೆಕ್ಕೆಯಗಲ 7.32 ಮೀಟರ್, ಯುದ್ಧದ ಗ್ನಾಟಿನದು 6.73. 72ರಿಂದ ಭಾಗಿಸಿದರೆ 8 ಮಿಲಿಮೀಟರ್ ವ್ಯತ್ಯಾಸ. ಒಂದೊಂದು ರೆಕ್ಕೆಯಿಂದ ನಾಲ್ಕು ಮಿಲಿಮೀಟರ್ ಹೋಗಬೇಕು. ಅದನ್ನೂ ತೆಗೆದರು. ಕೇಸರಿ, ಬಿಳಿ, ಹಸಿರಿನ ವಾಯುಪಡೆ ಚಕ್ರವನ್ನು ಕೈಯಾರೆ ಬರೆದರು, ಡಬ್ಬಿಯಲ್ಲಿದ್ದದ್ದು ಬ್ರಿಟಿಷರ ಚಕ್ರ.

ಆ ವಿಮಾನವನ್ನು ನನ್ನ ಅಂಗೈ ಮೇಲಿಟ್ಟು, ‘ಕಿಟಕಿ ಹತ್ರ ಹಿಡೀರಿ’ ಎಂದರು. ಪೈಲಟ್ಟಿನ ತಲೆಯ ಮೇಲಿನ ಪಾರದರ್ಶಕ ಮುಚ್ಚಿಗೆಯಲ್ಲಿ, ಬೆಳಕಿಗೆ ಓರೆಯಾಗಿ ಹಿಡಿದಾಗ ಮಾತ್ರ, ಸುರುಳಿ ಸುರುಳಿಯಾದ ಗೆರೆಗಳು ಕಂಡವು. ಹೆಬ್ಬೆರಳ ಗುರುತು. ಈ ಕೆಲಸದ ಅಂಟು ಗೋಂದಿನ ಹಾಗೆ ಮೇಲೆ ಕೂರುವುದಿಲ್ಲ. ಅದು ಪ್ಲಾಸ್ಟಿಕ್ಕನ್ನೇ ಕರಗಿಸಿ ಎರಡು ತುಂಡನ್ನು ಒಂದೇ ತುಂಡು ಮಾಡುತ್ತದೆ. ಬೆರಳಿಗೆ ಅಂಟಿದ್ದು ತಿಳಿಯದೆ ಮುಚ್ಚಿಗೆ ಮುಟ್ಟಿದರು, ಗುರುತು ಕರಗಿ ಒಳಗಿಳಿಯಿತು. ಉಜ್ಜಿ ಹೊಳಪು ಕೊಟ್ಟರೆ ಹೋಗುತ್ತಿತ್ತು. ಯಾಕೆ ಬಿಟ್ಟಿರಿ ಎಂದೆ.

‘ನಮ್ಮಪ್ಪ ಓದಿದೋರಲ್ಲ. ಎಲ್ಲೇ ಕಾಗದ ಬಂದ್ರೂ ಹೆಬ್ಬೆಟ್ಟು ಒತ್ತೋರು. ನಾನು ಸೈನು ಹಾಕಾದು ಕಲ್ತು ಊರು ಬಿಟ್ಟೆ. ಇದು ನಾನು ಒತ್ತಿದ ಹೆಬ್ಬೆಟ್ಟು, ಇರ್ಲಿ ಅಂತ ಬಿಟ್ಟೆ.’

ಕೆಲಸದ ಕ್ರಮವನ್ನು ಪೂರ್ತಿ ಬರೆದರೆ ಪುಟ ಸಾಲದು. ನಾನು ನೋಡಿದ ದಿನ ನಡೆದದ್ದು ಬಣ್ಣ. ಬೇಸಿಗೆಯಲ್ಲಿ ಚಳ್ಳಕೆರೆಯ ಬಿಸಿಲಿಗೆ ಸ್ಪ್ರೇ ಮಾಡುವ ಏರ್‌ಬ್ರಷ್‌ನ ಸೂಜಿ ತುದಿಯಲ್ಲೇ ಬಣ್ಣ ಒಣಗಿ ಕಟ್ಟಿಕೊಳ್ಳುತ್ತದೆ. ಅದಕ್ಕೇ ತಾತನ ಬಣ್ಣದ ಹೊತ್ತು ಬೆಳಗಿನ ಐದರಿಂದ ಏಳೂವರೆ. ಗಾಳಿ ಒತ್ತಲು ಗುಜರಿಯಿಂದ ತಂದ ಹಳೆ ಫ್ರಿಜ್ಜಿನ ಕಂಪ್ರೆಸರ್. ಆಷಾಢದ ಗಾಳಿ ಎದ್ದರೆ ಹಸಿ ಬಣ್ಣದ ಮೇಲೆ ಧೂಳು ಕೂರುತ್ತದೆಂದು, ಬಳಿದ ತಕ್ಷಣ ಸ್ಟೀಲಿನ ಬೋಗುಣಿ ಕವುಚಿಡುತ್ತಾರೆ. ಅಡುಗೆಮನೆಯಲ್ಲಿ ಬೋಗುಣಿ ಕಾಣದಿದ್ದರೆ ಎಲ್ಲಿ ಹುಡುಕಬೇಕೆಂದು ಮನೆಯವರಿಗೆ ಗೊತ್ತು. ಬಣ್ಣ ಒಣಗಿದ ಮೇಲೆ ಹೊಳಪು ವಾರ್ನಿಷ್, ಅದರ ಮೇಲೆ ಡೆಕಾಲ್ ಎಂಬ ಅಂಟುಚಿತ್ರ. ಡೆಕಾಲ್ ಹಾಳೆಯ ಚೂರನ್ನು ಉಗುರುಬೆಚ್ಚಗಿನ ನೀರಿಗೆ ಬಿಟ್ಟು ಮೇಲೆತ್ತಿ, ಚಿತ್ರವನ್ನು ಮೆಲ್ಲನೆ ಜಾರಿಸಬೇಕು. ಅಲ್ಲಿ ಮಾತ್ರ ತಾತ ಉಸಿರು ಬಿಗಿಹಿಡಿಯುತ್ತಾರೆ, ನಾನೂ ಹಿಡಿದೆ. ಬೀರುವಿನ ಟೈಗರ್ ಮಾತ್ ವಿಮಾನದ ಎರಡು ಜೊತೆ ರೆಕ್ಕೆಗಳ ನಡುವೆ ಬಿಗಿದ ತಂತಿಗಳು ಮೊಳಕಾಲ್ಮುರಿನ ರೇಷ್ಮೆ ಎಳೆ. ಸೀರೆ ನೇಯುವ ಸಂಬಂಧಿಕರೊಬ್ಬರು ಕಾಗದಕ್ಕೆ ಸುತ್ತಿ ಕಳಿಸಿದ್ದು. ಪಟ್ಟಾಗಿ ನಿಂತಿವೆ, ಮುಟ್ಟಿದರೆ ಮಿಡಿಯುತ್ತವೆ.

ಈಗೀಗ ಕಿಟ್ ಕೊಳ್ಳುವುದು ಕಷ್ಟವಾಗಿದೆ. ಸುಂಕದ ಪಟ್ಟಿಯಲ್ಲಿ ಸ್ಕೇಲ್ ಮಾಡೆಲ್‌ಗೂ ಆಟಿಕೆಗೂ ಒಂದೇ ಶೀರ್ಷಿಕೆ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. ದೇಶದ ಆಟಿಕೆ ತಯಾರಕರಿಗೆ ನೆರವಾಗಲೆಂದು ಏರಿಸಿದ್ದು, ಅದರಲ್ಲಿ ತಪ್ಪು ಹುಡುಕಲಾರೆ. ಆದರೆ ಪಿಂಚಣಿದಾರರೊಬ್ಬರ ಮೇಜಿಗೆ ಬರುವ ಡಬ್ಬಿಯೂ ಅದೇ ಜಾಲದಲ್ಲಿ ಸಿಕ್ಕಿಕೊಂಡಿತು. ಕಳೆದ ದಶಕದಲ್ಲಿ ಕೊಂಡ ಕೆಲವು ಏರ್‌ಫಿಕ್ಸ್ ಡಬ್ಬಿಗಳ ಬದಿಯಲ್ಲಿ ‘ಮೇಡ್ ಇನ್ ಇಂಡಿಯಾ’ ಎಂದೇ ಅಚ್ಚಾಗಿದೆ. ತಾತ ಆ ಡಬ್ಬಿಗಳನ್ನು ಎಸೆಯದೆ ಇಟ್ಟುಕೊಂಡಿದ್ದಾರೆ. ಇಲ್ಲಿ ಅಚ್ಚು ಹೊಡೆಯಲು ಬರುತ್ತದೆ ಎಂದಾದರೆ ಎಚ್‌ಎಎಲ್ ಕಟ್ಟಿದ ನಮ್ಮ ಗ್ನಾಟ್, ನಮ್ಮ ಮಾರುತ್, ನಮ್ಮ ಎಚ್‌ಟಿ-2 ಯಾಕೆ ನಮ್ಮ ಹುಡುಗರ ಕೈಗೆ ಬರುವ ಬೆಲೆಯಲ್ಲಿ ಬರಬಾರದು? ನಿಜದ ಮಾರುತ್ ನೋಡಲು ಇಲ್ಲಿಂದ ಸುಮಾರು 200 ಕಿಲೋಮೀಟರ್ ದೂರದ ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಸುಂಕ ಇಳಿಸುವುದು ನನ್ನ ಕೈಯಲ್ಲಿಲ್ಲ. ಒಂದು ಸರ್ಕಾರಿ ಹೈಸ್ಕೂಲಿಗೆ ನಾಲ್ಕು ಕಿಟ್, ಎರಡು ಬಾಟಲಿ ಅಂಟು, ವಾರಕ್ಕೊಂದು ಪೀರಿಯಡ್ಡು ಕೊಡಿಸುವುದು ಕೈಲಾಗದ ಮಾತೂ ಅಲ್ಲ. ಭಾಗಾಕಾರಕ್ಕೆ ಹೆದರುವ ಹುಡುಗ ತಾತನ ಮೇಜಿನ ಬಳಿ ನಿಂತು 673ನ್ನು 72ರಿಂದ ಭಾಗಿಸಿದ್ದನ್ನು ನಾನು ಕಣ್ಣಾರೆ ಕಂಡೆ.

ಅದೂ ಚಳ್ಳಕೆರೆಯಲ್ಲಿ. ಇದೇ ತಾಲ್ಲೂಕಿನ ಕಾವಲುಗಳಲ್ಲಿ, ಅಂದರೆ ದನ ಕುರಿ ಮೇಯುವ ಹುಲ್ಲುಗಾವಲುಗಳಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಡಿಆರ್‌ಡಿಒಗೆ 4,000 ಎಕರೆಗೂ ಹೆಚ್ಚು ಜಾಗ ಹೋಗಿದೆ. 2017ರ ಮೇ 28ರಂದು ಇಲ್ಲಿನ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು. ಅದರ ರನ್‌ವೇ ಮೇಲೆ 2023ರ ಏಪ್ರಿಲ್ 2ರ ಬೆಳಿಗ್ಗೆ ಮರುಬಳಕೆಗೆಂದು ಇಸ್ರೊ ಕಟ್ಟಿದ ರೆಕ್ಕೆಯ ಉಡಾವಣಾ ವಾಹನ ಮೊದಲ ಬಾರಿಗೆ ತಾನೇ ತಾನಾಗಿ ಇಳಿಯಿತು. ಚಿನೂಕ್ ಹೆಲಿಕಾಪ್ಟರ್ ಅದನ್ನು ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಕೈಬಿಟ್ಟಿತು, ಅಲ್ಲಿಂದ ತೇಲಿ ಬಂದು ಗೆರೆ ಹಿಡಿದು ನಿಂತಿತು. 2024ರ ಮಾರ್ಚ್ 22ರಂದು, ಮತ್ತೆ ಜೂನ್ 23ರಂದು ‘ಪುಷ್ಪಕ್’ ಹೆಸರಿನಲ್ಲಿ ಇಳಿಯಿತು. ‘ನಮ್ಮ ತಾಲ್ಲೂಕಿನಾಗೆ ಇಳಿದಿದ್ದನ್ನ ಮೊಬೈಲ್ನಾಗೆ ನೋಡ್ದೆ’ ಎಂದರು ತಾತ. ಬೇಸರವೇ ಎಂದು ಕೇಳಿದೆ. ‘ಹೆಮ್ಮೆ ಸಾರ್. ಹೆಮ್ಮೆ ಇಲ್ದೆ ಇದನ್ನ ಯಾಕೆ ಮಾಡ್ತಿದ್ದೆ’ ಎಂದು ಮೇಜಿನ ಮೇಲಿನ ಬೋಗುಣಿ ಎತ್ತಿದರು.

ಅಡಿಯಲ್ಲಿ ಪುಷ್ಪಕ್ ಇತ್ತು. ಇದರ ಕಿಟ್ ಅವರಿಗೆ ಎಲ್ಲೂ ಸಿಗಲಿಲ್ಲ. ಬರಿಯ ಪ್ಲಾಸ್ಟಿಕ್ ಹಾಳೆ ಕೊಯ್ದು, ಬಗ್ಗಿಸಿ, ಉಜ್ಜಿ ಮಾಡಿದ್ದು. ನಿಜದ ವಾಹನದ ಉದ್ದ 6.5 ಮೀಟರ್, ಇದರದು 9 ಸೆಂಟಿಮೀಟರ್. ಚಕ್ರಗಳು ಗ್ನಾಟ್ ಕಿಟ್ಟೊಂದರಲ್ಲಿ ಮಿಕ್ಕಿದ್ದವು.

ಅದರ ಪಕ್ಕದಲ್ಲಿ ಒಂದೂವರೆ ಅಡಿಯ ಹಲಗೆ. 72ರ ಲೆಕ್ಕದಲ್ಲಿ ಅದು ನೂರೆಂಟು ಅಡಿ ನೆಲ. ಒಂದು ಅಂಚಿಗೆ ರನ್‌ವೇಯ ಬೂದು ಪಟ್ಟಿ. ಉಳಿದದ್ದೆಲ್ಲ ಕಾವಲು. ಹೊಲದ ಬದುವಿನ ಮಣ್ಣನ್ನು ಜರಡಿ ಹಿಡಿದು ಹಾಕಿದ್ದಾರೆ. ಪೊರಕೆಯ ತುದಿ ಕತ್ತರಿಸಿ ಹುಲ್ಲು ನೆಟ್ಟಿದ್ದಾರೆ, ಬೇಸಿಗೆಯ ಒಣ ಹುಲ್ಲು, ಅಲ್ಲಲ್ಲಿ ಬೋಳು. ಪುಟ್ಟಿಯಲ್ಲಿ ಮಾಡಿದ ಕರಿ ಕುರಿಗಳು ಮುಖ ತಗ್ಗಿಸಿ ಮೇಯುತ್ತಿವೆ. ಒಂದೊಂದೂ ಶೇಂಗಾ ಬೀಜಕ್ಕಿಂತ ಚಿಕ್ಕದು. ಇದುವರೆಗೆ ಮೂವತ್ತೊಂದು ಆಗಿವೆ, ಇನ್ನೂ ಹನ್ನೆರಡು ಆಗಬೇಕು. ಅಪ್ಪನ ಮಂದೆಯಲ್ಲಿ ನಲವತ್ತಮೂರು ಇದ್ದವಂತೆ.

ಬೆಂಕಿಪೊಟ್ಟಣದ ಕುರಿಗಾಹಿ ಅಪ್ಪನೇ. ಐದೂಮುಕ್ಕಾಲು ಅಡಿ ಎತ್ತರ, ಅದಕ್ಕೇ ಇಂಚಿಗೆ ಒಂದು ಮಿಲಿಮೀಟರ್ ಕಮ್ಮಿ. ಕಂಬಳಿ ಮಾಡಿದ್ದು ಟಿಶ್ಯೂ ಕಾಗದದಲ್ಲಿ. ಅದನ್ನು ನೆನೆಸಿದ್ದು ಹುಣಸೆ ಬೀಜದ ಗಂಜಿಯಲ್ಲಿ, ಈ ಸೀಮೆಯ ಕಂಬಳಿ ನೇಯುವವರು ನೂಲಿಗೆ ಹಾಕುವ ಗಂಜಿಯೇ. ಒಣಗಿದ ಮೇಲೆ ಹೊಸ ಕಂಬಳಿಯಂತೆಯೇ ಸೆಟೆದು ನಿಂತಿದೆ.

ಅಂಚಿನ ರನ್‌ವೇಗೂ ಹುಲ್ಲಿಗೂ ನಡುವೆ ಪೆನ್ಸಿಲ್ಲಿನಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದಿತ್ತು. ಏನು ಎಂದೆ.

‘ಕಾಂಪೌಂಡು. ಪ್ಲಾಸ್ಟಿಕ್ ಪಟ್ಟಿ ಕತ್ತರಿಸಿ ಇಟ್ಟೀನಿ, ಅರ್ಧ ದಿನದ ಕೆಲ್ಸ.’

ಪೊಟ್ಟಣದಿಂದ ಅಪ್ಪನನ್ನು ಚಿಮಟದಲ್ಲಿ ಎತ್ತಿ ಹಲಗೆಯ ಮೇಲೆ ನಿಲ್ಲಿಸಿದರು. ಮೊದಲು ಗೆರೆಯ ಆಚೆ, ಪುಷ್ಪಕ್ ಇಳಿಯುವ ಕಡೆ. ತಲೆಯೆತ್ತಿ ನೋಡುತ್ತಿರುವಂತೆ ಕಂಡ. ಆಮೇಲೆ ಈಚೆ, ಕುರಿಗಳ ಹಿಂದೆ. ಸ್ವಲ್ಪ ಹೊತ್ತು ನೋಡಿದರು. ಅಂಟಿನ ಬಾಟಲಿ ಮುಚ್ಚಳ ಹಾಕಿಕೊಂಡೇ ಇತ್ತು.

‘ಇದೊಂದು ಬಿಟ್ಟು ಎಲ್ಲಾ ಅಂಟ್ಸೀನಿ’ ಎಂದು ಅವನನ್ನು ಮತ್ತೆ ಹತ್ತಿಯ ಮೇಲೆ ಮಲಗಿಸಿ ಪೊಟ್ಟಣ ಮುಚ್ಚಿದರು.