ವೇಲ್ಸ್ ಮಳೆಯಲ್ಲಿ ಟಿಪ್ಪುವಿನ ಡೇರೆ

ಬರ್ಮಿಂಗ್‌ಹ್ಯಾಮ್‌ನಿಂದ ಅಬರಿಸ್ಟ್‌ವಿತ್ ಕಡೆ ಹೊರಟ ರೈಲು ಶ್ರೂಸ್‌ಬರಿ ನಿಲ್ದಾಣದಲ್ಲಿ ದಿಕ್ಕು ಬದಲಿಸುತ್ತದೆ. ಅಲ್ಲಿಯವರೆಗೆ ಮುಂದಕ್ಕೆ ಮುಖ ಮಾಡಿ ಕುಳಿತವರು ಹಿಂದಕ್ಕೆ ಚಲಿಸತೊಡಗುತ್ತಾರೆ. ಈ ಊರಿನ ಚೌಕದಲ್ಲಿ ರಾಬರ್ಟ್ ಕ್ಲೈವ್‌ನ ಪ್ರತಿಮೆಯಿದೆ. ಪ್ಲಾಸಿ ಕದನದ ಆ ಕ್ಲೈವ್ ಇದೇ ಊರಿನಿಂದ ಸಂಸತ್ತಿಗೆ ಆರಿಸಿ ಹೋದವನು. ರೈಲು ಊರು ಬಿಟ್ಟ ಸ್ವಲ್ಪ ಹೊತ್ತಿಗೆ ಇಂಗ್ಲೆಂಡ್ ಮುಗಿಯುತ್ತದೆ. ವೇಲ್ಸ್‌ನಲ್ಲಿ ನಿಲ್ದಾಣದ ಫಲಕಗಳ ಮೇಲೆ ವೆಲ್ಷ್ ಮತ್ತು ಇಂಗ್ಲಿಷ್ ಜೊತೆಜೊತೆಗೆ. ಕಿಟಕಿಯಾಚೆ ಕುರಿಗಳು, ಬೇಲಿಗಳು, ಉಕ್ಕಿ ಹರಿಯಲು ಹೆಸರಾದ ಸೆವರ್ನ್ ನದಿಯ ಬಯಲು. ಜೋರು ಮಳೆಯ ಚಳಿಗಾಲದಲ್ಲಿ ಹಳಿಯ ಮೇಲೆ ನೀರು ಬಂದು ರೈಲು ನಿಲ್ಲುವುದೂ ಉಂಟು.

ಮೊದಲ ವೆಲ್ಷ್ ನಿಲ್ದಾಣವೇ ವೆಲ್ಷ್‌ಪೂಲ್. ಇಳಿದು, ಕೊಡೆ ಬಿಚ್ಚಿ, ಪೇಟೆ ಬೀದಿ ಹಿಡಿದು ಎರಡು ಕಿಲೋಮೀಟರಿನಷ್ಟು ನಡೆದರೆ ಜಿಂಕೆಗಳಿರುವ ಉದ್ಯಾನ ದಾಟಿ ಪೋವಿಸ್ ಕೋಟೆ. ಮಳೆಯಲ್ಲಿ ನೆನೆದಾಗ ಅದರ ಕೆಂಪು ಕಲ್ಲು ಇನ್ನಷ್ಟು ಕಡುವಾಗುತ್ತದೆ.

13ನೇ ಶತಮಾನದಲ್ಲಿ ವೆಲ್ಷ್ ಅರಸರು ಕಟ್ಟಿದ ಈ ಕೋಟೆಯನ್ನು 1587ರಲ್ಲಿ ಹರ್ಬರ್ಟ್ ಮನೆತನ ಕೊಂಡಿತು. ಗುಡ್ಡದ ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಮಾಡಿದ ತೋಟ, ಮೋಡದಂತೆ ಉಬ್ಬಿ ನಿಂತ ಯೂ ಮರದ ಬೇಲಿಗಳು ಬ್ರಿಟನ್ನಿನಾದ್ಯಂತ ಪ್ರಸಿದ್ಧ. ಬಹುತೇಕ ಜನ ಬರುವುದು ಅದನ್ನು ನೋಡಲೇ. ಕನ್ನಡಿಗರು ಮಾತ್ರ ಮಳೆಯ ನೆಪ ಹೇಳಿ ನೇರ ಒಳಗೆ ಹೋಗಬೇಕು. ಅಲ್ಲಿರುವುದು ಶ್ರೀರಂಗಪಟ್ಟಣ.

1784ರಲ್ಲಿ ಈ ಮನೆಯ ಮಗಳು ಹೆನ್ರಿಯೆಟಾ ಹರ್ಬರ್ಟ್, ಕ್ಲೈವ್‌ನ ಮಗ ಎಡ್ವರ್ಡ್‌ನನ್ನು ಮದುವೆಯಾದಳು. 1798ರಲ್ಲಿ ಎಡ್ವರ್ಡ್ ಮದರಾಸಿನ ಗವರ್ನರ್ ಆದ. ಮರುವರ್ಷ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದ. 1800ರಲ್ಲಿ ಹೆನ್ರಿಯೆಟಾ ಇಬ್ಬರು ಹೆಣ್ಣುಮಕ್ಕಳನ್ನೂ ಇಟಲಿಯ ಚಿತ್ರಗಾರ್ತಿ ಅನ್ನಾ ಟೊನೆಲ್ಲಿಯನ್ನೂ ಕಟ್ಟಿಕೊಂಡು ಮದರಾಸಿನಿಂದ ಬೆಂಗಳೂರು, ಶ್ರೀರಂಗಪಟ್ಟಣಗಳವರೆಗೆ ಸುತ್ತಿದಳು. ಕಿರಿಯ ಮಗಳು ಷಾರ್ಲೆಟ್ ಬರೆದ ದಿನಚರಿ ಇಂದಿಗೂ ಉಳಿದಿದೆ. ಹೊಸದಾಗಿ ಗೆದ್ದ ಸೀಮೆಯನ್ನು ಗೆದ್ದವರ ಮನೆಯ ಹುಡುಗಿಯ ಕಣ್ಣಿನಿಂದ ನೋಡುವುದು ನಮಗೆ ಸ್ವಲ್ಪ ಇರಿಸುಮುರಿಸೇ.

ಆ ವರ್ಷಗಳಲ್ಲಿ ಕುಟುಂಬದ ಕೈ ಸೇರಿದ ವಸ್ತುಗಳ ಒಂದು ಭಾಗ, ಕೋಟೆಯೊಳಗೆ 1987ರಲ್ಲಿ ತೆರೆದ ಕ್ಲೈವ್ ಮ್ಯೂಸಿಯಂನಲ್ಲಿದೆ. ಮುಖ್ಯ ಆಕರ್ಷಣೆ ಟಿಪ್ಪುವಿನ ಡೇರೆ. ಬಿಳಿ ಹತ್ತಿಬಟ್ಟೆಯ ಮೇಲೆ ಅಚ್ಚೊತ್ತಿ, ಕೈಯಲ್ಲಿ ಬರೆದು, ಬಣ್ಣಕ್ಕಿಳಿಸಿದ ಚಿಂಟ್ಸ್ ಅದು. ಸಾಲು ಕಮಾನುಗಳು, ಪ್ರತಿ ಕಮಾನಿನೊಳಗೆ ಒಂದು ಹೂದಾನಿ, ಅದರಿಂದ ಚಿಮ್ಮಿದ ಕೆಂಪು ಹೂಗಳು. ಬಟ್ಟೆಯ ಕಾಲ ಸುಮಾರು 1725ರಿಂದ 1750. ಅಂದರೆ ಟಿಪ್ಪುವಿಗಿಂತ ಈ ಡೇರೆಯೇ ಹಿರಿಯದು. ಪೋವಿಸ್‌ಗೆ ಬಂದ ಮೇಲೆ ಕುಟುಂಬದವರು ಇದನ್ನು ತೋಟದ ಔತಣಕೂಟಗಳಿಗೆ ಕಟ್ಟುತ್ತಿದ್ದರು! ಮಳೆಯ ನಾಡಿನಲ್ಲಿ ಹಾಗೆ ಬಳಸಿಯೂ ಅದು ಉಳಿದದ್ದೇ ಹೆಚ್ಚು. 2015ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಭಾರತೀಯ ಜವಳಿ ಪ್ರದರ್ಶನಕ್ಕೂ ಹೋಗಿಬಂದಿದೆ.

ಅದರೊಂದಿಗೇ ಹುಡುಕಿ ನೋಡಬೇಕಾದದ್ದು ಒಂದು ಪುಟ್ಟ ಹುಲಿಯ ತಲೆ. ಚಿನ್ನದ ಹೊದಿಕೆ, ಮೈತುಂಬ ಹರಳು, ತೆರೆದ ಬಾಯಿ. ಟಿಪ್ಪುವಿನ ಸಿಂಹಾಸನದ ಕಟಾಂಜನದ ಮೇಲಿದ್ದ ಎಂಟರಲ್ಲಿ ಇದೂ ಒಂದು. ವಿಜಯಿ ಸೇನೆ ಸಿಂಹಾಸನವನ್ನು ಒಡೆದು ಹಂಚಿಕೊಂಡಿತು. ಅದರಲ್ಲಿದ್ದ ದೊಡ್ಡ ಹುಲಿತಲೆಯೂ ಹುಮಾ ಎಂಬ ಪಕ್ಷಿಯ ಪ್ರತಿಮೆಯೂ ವಿಂಡ್ಸರ್ ಅರಮನೆ ಸೇರಿದವು. ಚಿಕ್ಕ ತಲೆಗಳಲ್ಲೊಂದು 2009ರಲ್ಲಿ ಲಂಡನ್ನಿನಲ್ಲಿ ಹರಾಜಾಯಿತು. ಇನ್ನೊಂದು ದೇಶ ಬಿಟ್ಟು ಹೋಗದಂತೆ 2021ರಲ್ಲಿ ಬ್ರಿಟಿಷ್ ಸರ್ಕಾರವೇ ರಫ್ತಿಗೆ ತಾತ್ಕಾಲಿಕ ತಡೆ ಹಾಕಿತು. ಹೊತ್ತು ತಂದ ವಸ್ತುವನ್ನು ರಾಷ್ಟ್ರೀಯ ಆಸ್ತಿಯೆಂದು ಕಾಯುವ ಈ ಪರಿಯನ್ನು ಓದಿ ನಗಬೇಕೋ ಅಳಬೇಕೋ ತಿಳಿಯದು.

1952ರಿಂದ ಕೋಟೆ, ಪಾರಂಪರಿಕ ತಾಣಗಳನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯದು. ತನ್ನ ಯಾವ ಯಾವ ಆಸ್ತಿಗಳಿಗೆ ವಸಾಹತುಶಾಹಿ ಮತ್ತು ಗುಲಾಮಗಿರಿಯ ನಂಟಿದೆ ಎಂದು ಟ್ರಸ್ಟ್ 2020ರಲ್ಲಿ ವರದಿ ಮಾಡಿತು. 93 ಸ್ಥಳಗಳ ಆ ಪಟ್ಟಿಯಲ್ಲಿ ಪೋವಿಸ್ ಹೆಸರೂ ಇದೆ. ಒಪ್ಪಿಕೊಂಡದ್ದು ಒಳ್ಳೆಯದೇ, ಡೇರೆ ಮಾತ್ರ ಇದ್ದಲ್ಲೇ ಇದೆ.

ಬ್ರಿಟನ್ನಿನಲ್ಲಿರುವ ಕನ್ನಡಿಗರು, ಮಕ್ಕಳನ್ನು ನೋಡಲು ಹೋಗುವ ಅಪ್ಪ ಅಮ್ಮಂದಿರು ಲಂಡನ್ ಸುತ್ತಿ ಮುಗಿದ ಮೇಲೆ ಒಂದು ದಿನ ಇತ್ತ ಬನ್ನಿ. ಈ ಮಾರ್ಗದಲ್ಲಿ ರೈಲುಗಳು ಪದೇಪದೇ ಇರುವುದಿಲ್ಲ. ಹಾಗಾಗಿ ವಾಪಸು ರೈಲಿನ ವೇಳೆಯನ್ನೂ ಮ್ಯೂಸಿಯಂ ತೆರೆದಿದೆಯೇ ಎಂಬುದನ್ನೂ ಮೊದಲೇ ವಿಚಾರಿಸಿಕೊಂಡು ಹೊರಡಿ.